ಗುಣಾಕಾರವಿಲ್ಲದೆ ವೃತ್ತ: ಬಿಲ್ ಅಟ್ಕಿನ್ಸನ್ ಕೋಡಿನ ಮಿತವ್ಯಯ

1982ರಲ್ಲಿ ಆಪಲ್‌ನ ಲೀಸಾ ಕಂಪ್ಯೂಟರಿನ ತಂಡದವರು ಆ ವಾರ ಎಷ್ಟು ಸಾಲು ಕೋಡ್ ಬರೆದೆವೆಂದು ಫಾರಂ ತುಂಬಿಕೊಡಬೇಕಿತ್ತು. ಬಿಲ್ ಅಟ್ಕಿನ್ಸನ್ ಒಂದು ವಾರ ‘-2000’ ಎಂದು ತುಂಬಿದರು. ಪರದೆಯ ಮೇಲೆ ಚಿತ್ರ ಬಿಡಿಸುವ ಕ್ವಿಕ್‌ಡ್ರಾ ಗ್ರಾಫಿಕ್ಸ್ ಲೈಬ್ರರಿಯ ಒಂದು ಭಾಗವನ್ನು ಅವರು ಹೊಸದಾಗಿ ಬರೆದಿದ್ದರು. ಎರಡು ಸಾವಿರ ಸಾಲು ಕಡಿಮೆಯಾಗಿ, ವೇಗ ಸುಮಾರು ಆರು ಪಟ್ಟಾಗಿತ್ತು. ಈ ಪ್ರಸಂಗವನ್ನು ಹೇಳದವರಿಲ್ಲ. ಅವರ ಕೈಚಳಕ ಗೊತ್ತಾಗಬೇಕಾದರೆ ಮಾತ್ರ ಲೆಕ್ಕಕ್ಕೇ ಇಳಿಯಬೇಕು.

1984ರ ಮ್ಯಾಕಿಂಟಾಷ್ ಪರದೆ 512×342 ಪಿಕ್ಸೆಲ್. ಪಿಕ್ಸೆಲ್‌ಗೆ ಒಂದೇ ಬಿಟ್, ಅಂದರೆ 21,888 ಬೈಟ್. ಒಟ್ಟು ಮೆಮೊರಿ 128 ಕೆಬಿ. ಅದರ 68000 ಚಿಪ್‌ನಲ್ಲಿ 16 ಬಿಟ್‌ನ ಎರಡು ರಿಜಿಸ್ಟರ್ (ಚಿಪ್‌ನೊಳಗೇ ಅಂಕಿ ಇಡುವ ಜಾಗ) ಕೂಡಲು 4 ಸೈಕಲ್, ಅಂದರೆ ಚಿಪ್ ಗಡಿಯಾರದ 4 ಮಿಡಿತ, ಸಾಕು, ಗುಣಿಸಲು 70ರವರೆಗೂ ಬೇಕು. ವರ್ಗಮೂಲದ ಮಾತೇ ಬೇಡ.

ವೃತ್ತದ ಲೆಕ್ಕಕ್ಕೋ ವರ್ಗಗಳು ಬೇಕು. ಹಾಗಾದರೆ ವೃತ್ತ ಬಿಡಿಸುವುದು ಹೇಗೆ? ಬೆಸಸಂಖ್ಯೆಗಳನ್ನು ಕೂಡುತ್ತ ಹೋದರೆ ವರ್ಗಗಳು ತಾವೇ ಬರುತ್ತವೆ: 1, 1+3=4, 4+5=9, 9+7=16. ಆದ್ದರಿಂದ ವರ್ಗಕ್ಕೊಂದು, ಬೆಸಸಂಖ್ಯೆಗೊಂದು ವೇರಿಯಬಲ್ ಇಟ್ಟುಕೊಂಡರಾಯಿತು. ವೃತ್ತದ ನಡುವಿನಿಂದ ಒಂದೊಂದು ಸಾಲು ಕೆಳಗಿಳಿದಾಗ ವರ್ಗಕ್ಕೆ ಬೆಸಸಂಖ್ಯೆ ಕೂಡಬೇಕು, ಬೆಸಸಂಖ್ಯೆಗೆ 2 ಕೂಡಬೇಕು. ನಡುವಿನಿಂದ ಎಷ್ಟು ಕೆಳಗೆ, ಅಂಚು ಎಷ್ಟು ಪಕ್ಕಕ್ಕೆ ಎಂಬ ಎರಡರ ವರ್ಗಗಳ ಮೊತ್ತ ತ್ರಿಜ್ಯದ ವರ್ಗವನ್ನು ಮೀರಿರುವವರೆಗೂ ಅಂಚನ್ನು ಒಂದೊಂದೇ ಪಿಕ್ಸೆಲ್ ಒಳಗೆ ಸರಿಸಬೇಕು. ಇದನ್ನು ಬರೆದು ನೋಡುವವರು ಎಡವುವುದು ಅಂಕಿಯ ಗಾತ್ರದಲ್ಲಿ. ಚಿಹ್ನೆಸಹಿತ (ಋಣಸಂಖ್ಯೆಯನ್ನೂ ಹಿಡಿಯುವ) 16 ಬಿಟ್‌ನ ಮಿತಿ 32,767. ತ್ರಿಜ್ಯ 181 ಇದ್ದರೆ ವರ್ಗ 32,761, ಅದೊಂದೇ ಆದರೆ ಹಿಡಿಯುತ್ತದೆ, ಮೊತ್ತ ಮಾತ್ರ ಮಿತಿ ದಾಟಬಲ್ಲದು. 182ಕ್ಕೆ 33,124, ಅಂಕಿ ಋಣವಾಗಿ ಆಕಾರ ಚಿಂದಿಯಾಗುತ್ತದೆ.

ಅಟ್ಕಿನ್ಸನ್ ಹೆಸರಿನ ಡಿದರಿಂಗ್‌ನಲ್ಲೂ (ಚುಕ್ಕೆಗಳಿಂದ ಛಾಯೆಯ ಭ್ರಮೆ ಹುಟ್ಟಿಸುವ ವಿಧಾನ) ಇದೇ ಮಿತವ್ಯಯ. ಬೂದುಬಣ್ಣದ ಚಿತ್ರವನ್ನು ಬರೀ ಕಪ್ಪು-ಬಿಳುಪಿಗೆ ಇಳಿಸುವಾಗ (0 ಕಪ್ಪು, 255 ಬಿಳುಪು) 100ರ ಪಿಕ್ಸೆಲ್ ಕಪ್ಪಾಯಿತು ಅನ್ನಿ, ದೋಷ 100. ಅದರ ಎಂಟನೇ ಒಂದು ಭಾಗ, ಅಂದರೆ 12, ಆರು ನೆರೆಯ ಪಿಕ್ಸೆಲ್‌ಗಳಿಗೆ ತಲಾ ಹೋಗುತ್ತದೆ: ಬಲಕ್ಕೆ ಎರಡು, ಕೆಳಗಿನ ಸಾಲಿನಲ್ಲಿ ಮೂರು, ಅದರಾಚೆ ನೇರ ಕೆಳಗೆ ಒಂದು. ಎಂಟರಿಂದ ಭಾಗಿಸಲು ಮೂರು ಬಿಟ್ ಬಲಕ್ಕೆ ಸರಿಸಿದರೆ ಮುಗಿಯಿತು. ಉಳಿದ 28 ಬಿಟ್ಟೇಹೋಗುತ್ತದೆ. ಫ್ಲಾಯ್ಡ್-ಸ್ಟೈನ್‌ಬರ್ಗ್ ಎಂಬ ಇನ್ನೊಂದು ಡಿದರಿಂಗ್ ವಿಧಾನ ಇಡೀ ದೋಷವನ್ನು ಹಂಚುತ್ತದೆ. ಇಲ್ಲಿ ಕಾಲುಭಾಗ ಕೈಬಿಡುವುದರಿಂದಲೇ ಮಧ್ಯದ ಛಾಯೆಗಳು ಗರಿಗರಿಯಾಗಿ ಏಳುತ್ತವೆ. ಮುಖಚಿತ್ರಕ್ಕೆ ಇದು ನನ್ನ ಮೊದಲ ಆಯ್ಕೆ. ಮಂಜು, ಮುಸ್ಸಂಜೆಯ ಚಿತ್ರಗಳಿಗೆ ಬೇಡ, ತೆಳು ಛಾಯೆಗಳು ಅಳಿಸಿಹೋಗುತ್ತವೆ.

ಇದನ್ನು ನೀವೇ ಬರೆದು ನೋಡುವಾಗ ಬೆಳಕಿನ ಜಾಗದಲ್ಲಿ ಕರಿ ಚುಕ್ಕೆ ಕಂಡರೆ, ಮೌಲ್ಯಗಳನ್ನು ಚಿಹ್ನೆರಹಿತ 8 ಬಿಟ್‌ನಲ್ಲಿ ಇಟ್ಟಿದ್ದೀರಿ: 250ಕ್ಕೆ 12 ಕೂಡಿದರೆ 262ರ ಬದಲು 6 ಸಿಗುತ್ತದೆ. ಚಿಹ್ನೆಸಹಿತ 16 ಬಿಟ್‌ನ ಮೂರು ಸಾಲಿನ ಬಫರ್ ಸಾಕು. ಚಿತ್ರ ಒಟ್ಟಾರೆ ತುಸು ಕಪ್ಪಾದರೆ ಋಣಸಂಖ್ಯೆಗಳನ್ನು ನೋಡಿ. ಮೂರು ಬಿಟ್ ಸರಿಸಿದಾಗ 100 ಇದ್ದದ್ದು 12 ಆಗುತ್ತದೆ, -100 ಮಾತ್ರ -13.

1978ರಲ್ಲಿ ಆಪಲ್ ಸೇರಿದ ಅಟ್ಕಿನ್ಸನ್, ಚಿತ್ರ ಬಿಡಿಸುವ ತಂತ್ರಾಂಶ ಮ್ಯಾಕ್‌ಪೇಂಟ್ ಆದಮೇಲೆ 1987ರಲ್ಲಿ ಹೈಪರ್‌ಕಾರ್ಡ್ ಕೊಟ್ಟರು, ಒಂದಕ್ಕೊಂದು ಕೊಂಡಿಯಿರುವ ಕಾರ್ಡುಗಳಲ್ಲಿ ಮಾಹಿತಿ ಜೋಡಿಸುವ ತಂತ್ರಾಂಶ. 2025ರ ಜೂನ್‌ನಲ್ಲಿ ತೀರಿಕೊಂಡರು. ಮ್ಯಾಕ್‌ಪೇಂಟ್, ಕ್ವಿಕ್‌ಡ್ರಾ ಎರಡರ ಮೂಲ ಕೋಡನ್ನೂ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2010ರಲ್ಲಿ ಬಿಡುಗಡೆ ಮಾಡಿದೆ. ಮೊದಲು ಮ್ಯಾಕ್‌ಪೇಂಟ್‌ನ ಪ್ಯಾಸ್ಕಲ್ ಭಾಷೆಯ ಭಾಗ ಓದಿ. ಚಿಪ್‌ನ ಆದೇಶಗಳಲ್ಲೇ ಬರೆದ ಕ್ವಿಕ್‌ಡ್ರಾ ಅಸೆಂಬ್ಲಿ ಕೋಡಿಗೆ ಆಮೇಲೆ ಕೈಹಾಕಿ.