ಹಳೆ ಗಾಡಿಗಿ ಟರ್ಬೊ ಹಾಕಿಸ್ಬೇಕು, ರೇಡಿಯೇಟರ್ ದೊಡ್ಡದು ಬೇಕಾ, ಇಲ್ಲಾ ಎರಡು ಫ್ಯಾನ್ ಹಚ್ಚಿದ್ರ ಸಾಕಾ?

ಪ್ರಶ್ನೆ: ಸರ್, ನಂದು ಹಳೆ ಮಾರುತಿ ಎಸ್ಟೀಮ್ ಕಾರ್ ಅದ, 1.3 ಲೀಟರಿನ ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಾಗ ಪೆಟ್ರೋಲ್ ಚಿಮ್ಮಿಸೋ) ಎಂಜಿನ್. ಎಂಜಿನಿಗಿ ಜಾಸ್ತಿ ಗಾಳಿ ತುಂಬಿ ಪವರ್ ಏರ್ಸೋ ಸಣ್ಣ ಟರ್ಬೊ ಹಾಕಿಸೋ ಪ್ಲ್ಯಾನ್ ನಡ್ಸೀನಿ. ಒಬ್ಬ ಮಿಸ್ತ್ರಿ ಅಂತಾನ ರೇಡಿಯೇಟರ್ ಡಬಲ್ ದಪ್ಪಂದು ಹಾಕಿಸು ಅಂತ, ಇನ್ನೊಬ್ಬ ಅಂತಾನ ಏನ್ ಬ್ಯಾಡ ಎರಡು ಫ್ಯಾನ್ ಹಚ್ಚು ಸಾಕು ಅಂತ. ಕಲಬುರಗಿ ಬಿಸಲಾಗ ಯಾವುದು ಖರೇ?

ಉತ್ತರ: ಇಬ್ರೂ ಅರ್ಧ ಅರ್ಧ ಖರೇ ಹೇಳ್ಯಾರ. ಆದ್ರ ರೊಕ್ಕ ಹಾಕೋಕ್ಕಿಂತ ಮೊದಲ ಒಂದು ಮಾತು ನೋಡ್ಕೋರಿ, ಗಾಡಿ ಹೀಟ್ ಆಗೋದು ಯಾವಾಗ? ಸೂಪರ್ ಮಾರ್ಕೆಟ್ ಟ್ರಾಫಿಕ್ಕಿನಾಗ ನಿಂತಾಗ ಟೆಂಪರೇಚರ್ ಮುಳ್ಳು ಏರಿ ರಿಂಗ್ ರೋಡಿಗಿ ಬಂದು ಸ್ಪೀಡ್ ಹಿಡದ ಕೂಡ್ಲೆ ಇಳೀತದ ಅಂದ್ರ ಅದು ಫ್ಯಾನಿನ ಕಥಿ. ಊರಾಗ ತಣ್ಣಗಿದ್ದು ಕಮಲಾಪುರ ದಾಟಿ ಹುಮನಾಬಾದ್ ಕಡೆ ಏರು ಹತ್ತುವಾಗ, 80-90ರ ಸ್ಪೀಡಿನಾಗ ಮುಳ್ಳು ಏರ್ತದ ಅಂದ್ರ ಅದು ರೇಡಿಯೇಟರಿನ ಕಥಿ, ಅಲ್ಲಿ ನಾಲ್ಕು ಫ್ಯಾನ್ ಹಚ್ಚಿದ್ರೂ ಏನೂ ಆಗಂಗಿಲ್ಲ. ಯಾಕಂದ್ರ ಆ ಸ್ಪೀಡಿನಾಗ ಗ್ರಿಲ್ ಒಳಗಿಂದ ನುಗ್ಗೋ ಗಾಳಿ ಫ್ಯಾನ್ ಎಳಿಯೋ ಗಾಳಿಗಿಂತ ಭಾಳ ಜಾಸ್ತಿ ಇರ್ತದ. ಹಚ್ಚಿದ ಫ್ಯಾನ್ ರೆಕ್ಕಿನೇ ಅದಕ್ಕ ಅಡ್ಡ ಆದ್ರೂ ಆಗ್ಬಹುದು.

ಟರ್ಬೊದ್ದು ಇನ್ನೊಂದು ಮಜಾ ಅದ, ಟ್ರಾಫಿಕ್ಕಿನಾಗ ಅದು ಬೂಸ್ಟೇ ಮಾಡಂಗಿಲ್ಲ, ಅಂದ್ರ ಎಂಜಿನಿಗಿ ಜಾಸ್ತಿ ಗಾಳಿ ತುಂಬಂಗಿಲ್ಲ. ನಿಂತ ಗಾಡಿದಾಗ ಎಂಜಿನ್ ಹುಟ್ಟಿಸೋ ಬಿಸಿ ಮೊದಲಿನಷ್ಟೇ, ಹೆಚ್ಚಂದ್ರ ಹೊಗಿ ಹೋಗೋ ಮ್ಯಾನಿಫೋಲ್ಡ್, ಟರ್ಬೊದ ಟರ್ಬೈನ್ ಇವುಗಳ ಮೈಬಿಸಿ ಬಾನೆಟ್ ಒಳಗ ಸೇರ್ತದ. ಬಿಸಿ ಖರೇನೇ ಜಾಸ್ತಿ ಆಗೋದು ಕಾಲು ಪೂರಾ ಒತ್ತಿದಾಗ. ಪೆಟ್ರೋಲಿನ ಶಕ್ತಿದಾಗ ಮೋಟಾಮೋಟಿ ಮೂರರಾಗ ಒಂದು ಪಾಲು ಚಕ್ರಕ್ಕ ಹೋಗ್ತದ, ಒಂದು ಪಾಲು ಸೈಲೆನ್ಸರ್ ಹಾದಿ ಹಿಡೀತದ, ಉಳಿದದ್ದು ನೀರಿಗಿ, ಎಣ್ಣಿಗಿ, ಎಂಜಿನ್ ಮೈಗಿ. ಕಂಪನಿಯವ್ರು ಕೊಟ್ಟ 85 ಹಾರ್ಸ್ ಪವರ್ ನೀವು 120 ಮಾಡಿದ್ರಿ ಅಂದ್ರ ನೀರಿಗಿ ಬೀಳೋ ಬಿಸಿನೂ ಹೆಚ್ಚು ಕಡಿಮಿ ಅದೇ ಲೆಕ್ಕದಾಗ, 40 ಪರ್ಸೆಂಟ್ ಆಸುಪಾಸು ಏರ್ತದ. ಹತ್ತು ಸೆಕೆಂಡ್ ಒತ್ತಿ ಬಿಟ್ರ ಆ ಬಿಸಿನ ನೀರು, ಎಂಜಿನ್ ಬ್ಲಾಕ್ ನುಂಗ್ಕೋತಾವ, ಮುಳ್ಳು ಅಲುಗಂಗಿಲ್ಲ. ಐದು ನಿಮಿಷ ಏರಿನಾಗ ಒತ್ತಿ ಹಿಡದ್ರ ಆವಾಗ ರೇಡಿಯೇಟರ್ ಬಣ್ಣ ಬಯಲಾಗ್ತದ.

ಇನ್ನ ನಮ್ಮ ಬಿಸಲು. ರೇಡಿಯೇಟರ್ ಎಷ್ಟು ಬಿಸಿ ಬಿಡ್ತದ ಅನ್ನೋದು ನೀರಿಗೂ ಹೊರಗಿನ ಗಾಳಿಗೂ ಎಷ್ಟು ಡಿಗ್ರಿ ಫರಕ್ ಅದ ಅನ್ನೋದ್ರ ಮ್ಯಾಲ. ಬೆಂಗಳೂರಾಗ 28 ಡಿಗ್ರಿ ಗಾಳಿ, ನೀರು 95 ಅಂದ್ರ ಫರಕ್ 67. ಇಲ್ಲಿ ಮೇ ತಿಂಗಳಾಗ 43 ಇದ್ರ ಫರಕ್ 52 ಅಷ್ಟೇ, ಅದೇ ರೇಡಿಯೇಟರ್ ನಾಲ್ಕಾಣೆಕ್ಕ ಹತ್ತಿರ ಕಡಿಮಿ ಕೆಲಸ ಮಾಡ್ತದ. ಅದರ ಮುಂದ ಎಸಿ ಕಂಡೆನ್ಸರ್ (ಎಸಿ ಬಿಸಿ ಹೊರಗ ಬಿಡೋ ಜಾಲರಿ), ಅದರ ಮುಂದ ನೀವು ಹೊಸದಾಗಿ ಕೂಡಿಸೋ ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿ ತಣ್ಣಗ ಮಾಡೋದು), ಇವೆರಡೂ ತಮ್ಮ ಬಿಸಿ ಅದೇ ಗಾಳಿಗಿ ಬಿಟ್ಟು ಹಿಂದಕ್ಕ ಕಳಸ್ತಾವ, ರೇಡಿಯೇಟರ್ ಮುಟ್ಟೋದ್ರಾಗ ಗಾಳಿ 55 ಆಯ್ತು ಅಂತ ಹಿಡೀರಿ, ಫರಕ್ 40 ಉಳೀತು, ಆರಾಣೆ ಹೋಯ್ತು. ಬೆಂಗಳೂರಾಗ, ಪುಣೆದಾಗ ಆರಾಮ ಓಡೋ ಸೆಟಪ್ಪಿನ ವಿಡಿಯೋ ನೋಡಿ ಅಷ್ಟೇ ಸೈಜಿಂದು ಹಾಕಿಸಿದವ್ರು ಇಲ್ಲಿ ಏಪ್ರಿಲ್ ಬಂದ್ರ ಎಸಿ ಬಂದ್ ಮಾಡಿ ಓಡಸ್ತಾರಲ್ಲ, ಅದಕ್ಕ ಕಾರಣ ಇದು.

ಹಂಗಾಗಿ ನನ್ನ ಮಾತು, ಟರ್ಬೊ ಹಾಕ್ಸೋದೇ ಖಾತ್ರಿ ಇದ್ರ ಕಲಬುರಗಿದಾಗ ರೇಡಿಯೇಟರ್ ಬದಲ್ಸೋದು ತಪ್ಪಂಗಿಲ್ಲ. ಆದ್ರ ಡಬಲ್ ದಪ್ಪ ಅಂದ್ರ ಡಬಲ್ ತಂಪು ಅಂತ ತಿಳ್ಕೋಬ್ಯಾಡ್ರಿ. ಮುಂದಿನ ಟ್ಯೂಬಿನ ಸಾಲಿಗಿ ತಣ್ಣನ್ನ ಗಾಳಿ ಸಿಗ್ತದ, ಹಿಂದಿನ ಸಾಲಿಗಿ ಮುಂದಿನದು ಕಾಸಿದ ಗಾಳಿ. ದಪ್ಪ ಆದಷ್ಟು ಗಾಳಿ ತೂರೋದೂ ಕಷ್ಟ, ನಿಂತಾಗ ಫ್ಯಾನಿಗಿ ಇನ್ನಷ್ಟು ಜೋರು ಬೇಕು. ಮೊದಲ ಅಗಲ ಎತ್ತರ ಎಷ್ಟು ಸಿಗ್ತದ ನೋಡ್ರಿ, ಎಂಜಿನ್ ಬೇದಾಗ ಇಂಚುಪಟ್ಟಿ ಹಿಡದು ಅಳೀರಿ, ಮುಖ ದೊಡ್ಡದಾದ್ರ ಅದರ ಪೂರಾ ಫಾಯದಾ ಸಿಗ್ತದ. ಮುಖ ದೊಡ್ಡದು ಮಾಡ್ಲಿಕ್ಕ ಜಾಗಾ ಇಲ್ಲ ಅಂದಾಗ ದಪ್ಪಕ್ಕ ಹೋಗ್ರಿ, 16 ಎಂಎಂ ಕೋರ್ (ಟ್ಯೂಬು, ಪಟ್ಟಿಗಳ ಜಾಲರಿ) ಇದ್ದಲ್ಲಿ 26, ಭಾಳಂದ್ರ 32. ಟರ್ಬೊ, ಅದರಿಂದ ಹೊಗಿ ಕೆಳಗ ಒಯ್ಯೋ ಡೌನ್‌ಪೈಪ್ ಎಲ್ಲಿ ಬರ್ತಾವ ಅಂತ ಮೊದಲ ನೋಡ್ಕೊಂಡು ಆಮ್ಯಾಲ ರೇಡಿಯೇಟರ್ ತರ್ರಿ, ಫ್ಯಾನ್ ಮೋಟರಿಗೂ ಡೌನ್‌ಪೈಪಿಗೂ ಎರಡು ಬೆರಳು ಜಾಗಾ ಇಲ್ದಾಂಗ ಆದ್ರ ಮೋಟರ್ ಸುಡ್ತದ.

ತಾಮ್ರ ಚಲೋನಾ ಅಲ್ಯೂಮಿನಿಯಂ ಚಲೋನಾ ಅಂತ ಹಿಂದೇ ಇನ್ನೊಂದು ಪ್ರಶ್ನೆ ಬಂದೇ ಬರ್ತದ. ತಾಮ್ರಕ್ಕ ಬಿಸಿ ದಾಟ್ಸೋ ಗುಣ ಜಾಸ್ತಿ ಅನ್ನೋದು ಖರೇ, ಆದ್ರ ಹಳೆ ತಾಮ್ರ ಹಿತ್ತಾಳಿ ರೇಡಿಯೇಟರಿನಾಗ ಪಟ್ಟಿಗೂ ಟ್ಯೂಬಿಗೂ ನಡುವ ಸೀಸದ ಬೆಸುಗಿ ಇರ್ತದ, ಅದು ಬಿಸಿ ತಡೀತದ, ಅಲ್ಯೂಮಿನಿಯಂದಾಗ ಟ್ಯೂಬ್ ಅಗಲ ಮಾಡ್ಲಿಕ್ಕ ಬರ್ತದ. ಹಂಗಾಗಿ ಚಲೋ ಅಲ್ಯೂಮಿನಿಯಂ ತೊಗೋರಿ, ಪ್ಲಾಸ್ಟಿಕ್ ಟ್ಯಾಂಕ್ ಇಲ್ದೆ ಪೂರಾ ವೆಲ್ಡ್ ಮಾಡಿದ್ದು ಸಿಕ್ರ ಇನ್ನೂ ಚಲೋ. ತಾಮ್ರದ್ದಕ್ಕ ಒಂದೇ ಅನುಕೂಲ, ಟ್ಯಾಂಕ್ ಬಿಚ್ಚಿ ರಾಡ್ ಹೊಡದು ತೊಳೀಲಿಕ್ಕ ಬರ್ತದ, ನಮ್ಮಲ್ಲಿ ಆ ಕೆಲಸ ಗೊತ್ತಿರೋ ಹಳೆ ಮಿಸ್ತ್ರಿಗಳು ಇನ್ನೂ ಇದ್ದಾರ.

ತೊಳಿಯೋ ಮಾತು ಬಂತಲ್ಲ, ನೀರಿನ ಬಗ್ಗೆ ಹೇಳೇ ಬಿಡ್ತೀನಿ, ಯಾಕಂದ್ರ ಇಲ್ಲಿ ಅರ್ಧ ಗಾಡಿಗಳು ಹೀಟ್ ಆಗೋದೇ ಇದರಿಂದ. ನಮ್ಮದು ಸುಣ್ಣದಕಲ್ಲಿನ ನೆಲ, ಶಹಾಬಾದ್ ಕಲ್ಲು, ವಾಡಿ ಸೇಡಂ ಸಿಮೆಂಟು ಎಲ್ಲಾ ಅದೇ ಕಲ್ಲಿಂದು, ಬೋರಿನ ನೀರಾಗೂ ಅದೇ ಸುಣ್ಣ. ಮನಿ ಗೀಜರ್ ಕಾಯಿಲ್ ಬಿಚ್ಚಿ ನೋಡ್ರಿ ಹ್ಯಾಂಗ ಬೆಳ್ಳಗ ಕಟ್ಟಿರ್ತದ, ಬೋರಿನ ನೀರು ಕುಡಿದ ರೇಡಿಯೇಟರ್ ಟ್ಯೂಬಿನೊಳಗೂ ಹಂಗೇ ಕಟ್ತದ. ಆ ಪದರ ತೆಳ್ಳಗಿದ್ರೂ ಬಿಸಿ ದಾಟಂಗಿಲ್ಲ, ದಪ್ಪ ಆದ್ರ ಟ್ಯೂಬೇ ಬಂದ್. ಹೊಸ ರೇಡಿಯೇಟರ್ ತಂದು ಬ್ಲಾಕ್ ಫ್ಲಶ್ ಮಾಡ್ಸದೇ ಹಾಕಿದ್ರ ಬ್ಲಾಕಿನ ಕೆಸರು ಬಂದು ಹೊಸದ್ರಾಗ ಕೂಡ್ತದ. ಡಿಸ್ಟಿಲ್ಡ್ ನೀರು, ಅದಕ್ಕ ಕೂಲೆಂಟ್ 30 ಪರ್ಸೆಂಟ್ ಸಾಕು. ಬಿಸಿ ಹೊರೋದು ನೀರೇ, ಕೂಲೆಂಟ್ ಜಾಸ್ತಿ ಆದಷ್ಟು ಅದು ಕಡಿಮಿ ಆಗ್ತದ, ಅರ್ಧಕ್ಕರ್ಧ ಹಾಕೋದು ಹಿಮ ಬೀಳೋ ಊರಿಗಿ. ಆದ್ರ ಕೂಲೆಂಟ್ ಪೂರಾ ಬಿಡಲಿಕ್ಕೂ ಬರಂಗಿಲ್ಲ, ತುಕ್ಕು ತಡಿಯೋದು ಅದೇ.

ಇನ್ನ ಫ್ಯಾನ್. ಡಬ್ಬಿ ಮ್ಯಾಲ ಬರದ ಸಿಎಫ್‌ಎಂ (ನಿಮಿಷಕ್ಕ ಎಷ್ಟು ಘನ ಅಡಿ ಗಾಳಿ) ನಂಬರ್ ನೋಡಿ ಮರುಳಾಗಬ್ಯಾಡ್ರಿ, ಅದು ಎದುರಿಗಿ ಏನೂ ಅಡ್ಡ ಇಲ್ದಾಗಿನ ಲೆಕ್ಕ, ಇಂಟರ್‌ಕೂಲರ್, ಕಂಡೆನ್ಸರ್, ದಪ್ಪ ಕೋರ್ ಮೂರೂ ಅಡ್ಡ ಇದ್ದಾಗ ಅದರಾಗ ಎಷ್ಟು ಉಳೀತದೋ ಅಷ್ಟೇ. ನಾನು ಫ್ಯಾನಿಗಿಂತ ಮೊದಲ ಶ್ರೌಡ್ ಕೇಳ್ತೀನಿ, ಅಂದ್ರ ಫ್ಯಾನ್ ಸುತ್ತ ರೇಡಿಯೇಟರ್ ಪೂರಾ ಮುಚ್ಚೋ ಆ ಡಬ್ಬಿ. ಶ್ರೌಡ್ ಇಲ್ದೆ ಪ್ಲಾಸ್ಟಿಕ್ ಟ್ಯಾಗ್ ಚುಚ್ಚಿ ಕೋರಿಗೇ ಬಿಗದ ಫ್ಯಾನ್ ತನ್ನ ಎದುರಿನ ದುಂಡಗಿನ ಜಾಗಾ ಅಷ್ಟೇ ತಂಪು ಮಾಡ್ತದ, ಮೂಲಿಗಳು ಸುಮ್ನೆ ಕೂಡ್ತಾವ, ಮ್ಯಾಲ ಆ ಟ್ಯಾಗ್ ತಿಕ್ಕಿ ತಿಕ್ಕಿ ಟ್ಯೂಬ್ ತೂತು ಬೀಳ್ತದ. ಫ್ಯಾನ್ ಹಿಂದಿಂದ ಎಳಿಯೋದು ಇರ್ಲಿ, ಮುಂದಿಂದ ತಳ್ಳೋದು ಜಾಗಾನೇ ಇಲ್ದಾಗ ಅಷ್ಟೇ. ಶ್ರೌಡಿನಾಗ ರಬ್ಬರ್ ಫ್ಲಾಪ್ ಇದ್ರ ಹೈವೇ ಗಾಳಿ ಅವನ್ನ ತಳ್ಕೊಂಡು ಹೊರಗ ಹೋಗ್ತದ. ರೇಡಿಯೇಟರ್ ಸುತ್ತಲಿನ ಸಂದಿಗೋಳು ಫೋಮ್ ಇಟ್ಟು ಮುಚ್ಚಿಸ್ರಿ, ಗಾಳಿಗಿ ಸುಲಭ ಹಾದಿ ಸಿಕ್ರ ಅದು ಕೋರ್ ಒಳಗ ಯಾಕ ಹೋಗ್ತದ? ಇಡೀ ಕೆಲಸದಾಗ ಅಗ್ದಿ ಸಸ್ತಾ ಇದು, ಮಾಡ್ಸೋರು ಮಾತ್ರ ಕಡಿಮಿ.

ಕರೆಂಟಿನ ಲೆಕ್ಕ ಮರೀಬ್ಯಾಡ್ರಿ. 12 ಇಂಚಿನ ಎರಡು ಫ್ಯಾನ್ ಸೇರಿ 20-25 ಆಂಪ್ ಎಳೀತಾವ, ರಾತ್ರಿ ಹೆಡ್‌ಲೈಟ್ 10, ಎಸಿ ಬ್ಲೋವರ್, ಎಸಿ ಕ್ಲಚ್, ಫ್ಯುಯೆಲ್ ಪಂಪ್ ಎಲ್ಲಾ ಕೂಡಿದ್ರ ಹಳೆ ಸಣ್ಣ ಗಾಡಿ ಆಲ್ಟರ್ನೇಟರಿಗಿ, ಅದೂ ಐಡ್ಲಿಂಗಿನಾಗ, ಆಗಂಗಿಲ್ಲ. ವೋಲ್ಟೇಜ್ 13.5ರಿಂದ 11.5ಕ್ಕ ಬಿದ್ರ ಫ್ಯಾನ್ ಸುತ್ತೋದು ಕಡಿಮಿ, ಗಾಳಿ ಕಡಿಮಿ, ಬೇಕಾದಾಗಲೇ ಕೈ ಕೊಡ್ತದ. ಹಂಗಾಗಿ ಪ್ರತಿ ಫ್ಯಾನಿಗಿ ಬ್ಯಾರೆ ರಿಲೇ, ಬ್ಯಾರೆ ಫ್ಯೂಸ್, ದಪ್ಪ ವೈರ್, ಚಲೋ ಅರ್ಥಿಂಗ್. ಒಂದು ಫ್ಯಾನ್ 92-95ಕ್ಕ ಶುರು ಆಗ್ಲಿ, ಇನ್ನೊಂದು ಜರಾ ಮ್ಯಾಲ, ಎಸಿ ಹಾಕಿದ್ರ ಒಂದಾದ್ರೂ ಓಡಲೇಬೇಕು. ಡ್ಯಾಶ್‌ಬೋರ್ಡಿನಾಗ ಸ್ವಿಚ್ ಇಟ್ಟು ಕೈಯಿಂದ ಹಾಕ್ತೀನಿ ಅನ್ನೋರು ಇದ್ದಾರ, ಮರತ ದಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್) ಖರ್ಚು ಬರ್ತದ.

ನೀರು ಬಿಸಿ ಆಗೋ ತನಕ ರೇಡಿಯೇಟರಿಗಿ ಬಿಡದ ವಾಲ್ವ್, ಆ ಥರ್ಮೋಸ್ಟಾಟ್ ಕಿತ್ತಿ ಒಗೀರಿ ಅಂತ ಯಾರಾದ್ರೂ ಅಂದ್ರ ಕೇಳಬ್ಯಾಡ್ರಿ, ಎಂಪಿಎಫ್‌ಐ ಗಾಡಿ ನೀರು ಬಿಸಿ ಆಗ್ಲಿಲ್ಲಂದ್ರ ಪೆಟ್ರೋಲ್ ಜಾಸ್ತಿ ಸುರೀತಾನೇ ಇರ್ತದ. ರೇಡಿಯೇಟರ್ ಕ್ಯಾಪ್ ಹೊಸದು ಹಾಕ್ರಿ, 0.9 ಬಾರ್ ಕ್ಯಾಪ್ ಚಲೋ ಇದ್ರ ಬರೇ ನೀರೂ 118 ಡಿಗ್ರಿ ತನಕ ಕುದಿಯಂಗಿಲ್ಲ.

ಇನ್ನೊಂದು, ಟರ್ಬೊ ಹಾಕಿದ ಮ್ಯಾಲ ಮಾತ್ರ ಬರೋ ತಂಟೆ ಇದು. ಬೂಸ್ಟ್ ಜಾಸ್ತಿ ಆಗಿ ಹೆಡ್ ಜರಾ ಎತ್ತಿದ್ರ ಉರಿದ ಗ್ಯಾಸ್ ನೀರಿನಾಗ ಸೇರ್ತದ, ಹೋಸ್ ಕಲ್ಲಿನಂಗ ಗಟ್ಟಿ ಆಗ್ತಾವ, ಓವರ್‌ಫ್ಲೋ ಬಾಟಲಿದಾಗ ಗುಳ್ಳಿ ಏಳ್ತಾವ, ಮಂದಿ ಇದನ್ನ ರೇಡಿಯೇಟರ್ ಸಾಲಲಿಲ್ಲ ಅಂತ ತಿಳ್ಕೊಂಡು ಮತ್ತೊಂದು ರೇಡಿಯೇಟರ್ ತರ್ತಾರ. ಮಿಕ್ಸ್ಚರ್ ಲೀನ್ ಇದ್ರ (ಗಾಳಿ ಲೆಕ್ಕಕ್ಕ ಪೆಟ್ರೋಲ್ ಕಡಿಮಿ), ಸ್ಪಾರ್ಕ್ ಟೈಮಿಂಗ್ ತಪ್ಪಿದ್ರ ಬಿಸಿ ಇನ್ನೂ ಏರ್ತದ, ಟ್ಯೂನಿಂಗ್ ಬರೋಬರಿ ಆಗೋ ತನಕ ರೇಡಿಯೇಟರ್ ಬೈಬ್ಯಾಡ್ರಿ.

ಕಾಯ್ದೆ ಮಾತೂ ಹೇಳ್ಬೇಕು. ಮೋಟಾರ್ ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದಕ್ಕ, ಆರ್‌ಸಿದಾಗ ಇರೋದಕ್ಕ ಫರಕ್ ಬರೋ ಹಂಗ ಗಾಡಿ ಬದಲಿಸಂಗಿಲ್ಲ, 2019ರಾಗ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳ್ತು. ರೇಡಿಯೇಟರ್, ಫ್ಯಾನ್ ಬದಲಿಸಿದ್ರ ಯಾರೂ ಕೇಳಂಗಿಲ್ಲ, ಟರ್ಬೊದ್ದು ಬ್ಯಾರೆ ಮಾತು, ಆರ್‌ಟಿಓ ಕಚೇರಿದಾಗ, ಇನ್ಶೂರೆನ್ಸಿನವ್ರ ಹತ್ರ ಕೇಳಿಯೇ ಕೈ ಹಚ್ಚರಿ.

ಎಲ್ಲಾ ಕೂಡಿಸಿದ ಮ್ಯಾಲ ಕಂಪನಿ ಮುಳ್ಳು ನಂಬಬ್ಯಾಡ್ರಿ, ಎಷ್ಟೋ ಗಾಡಿದಾಗ ಅದು ನಡುವ ನಿಂತು ಬಿಡ್ತದ, ನಂಬರ್ ತೋರ್ಸೋ ಗೇಜ್ ಹಚ್ಚರಿ. ಮಧ್ಯಾಹ್ನ ಎರಡು ಗಂಟಿಗಿ ಎಸಿ ಹಾಕ್ಕೊಂಡು ಹುಮನಾಬಾದ್ ರೋಡ್ ಹಿಡೀರಿ, ಏರಿನಾಗ ಒತ್ತಿ ಹಿಡದಾಗ ಎಷ್ಟಕ್ಕ ಹೋಯ್ತು, ಬಿಟ್ಟ ಮ್ಯಾಲ ಎಷ್ಟೊತ್ತಿಗಿ ಇಳೀತು ಬರ್ಕೋರಿ. 100ರ ಆಸುಪಾಸು ಹೋಗಿ ಎರಡು ಮೂರು ನಿಮಿಷದಾಗ 90ಕ್ಕ ಬಂದ್ರ ಗಾಡಿ ಚಲೋ ಅದ. 105 ದಾಟಿ ಏರ್ತಾನೇ ಇದ್ರ ಫೋಮ್, ಶ್ರೌಡ್ ಮತ್ತೊಮ್ಮೆ ನೋಡಿ, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವ ತೊಗರಿ ಹೊಟ್ಟು, ಧೂಳು ಕೂತಿದ್ರ ಎಂಜಿನ್ ಕಡಿಯಿಂದ ಮೆಲ್ಲಗ ನೀರು ಬಿಟ್ಟು ತೊಳಿಸ್ರಿ. ಆದ್ರೂ ಇಳೀಲಿಲ್ಲ ಅಂದ್ರ ಮಳಿ ಬೀಳೋ ತನಕ ಬೂಸ್ಟ್ ಕಡಿಮಿ ಮಾಡಿಟ್ಟು ಓಡಿಸ್ರಿ.