ಹಣ ಕೇಳಲು ದಾಕ್ಷಿಣ್ಯವೇ? ಸಹಿ ಕೇಳಿ

2025ರ ಆಗಸ್ಟಿನ ಒಂದು ಮಧ್ಯಾಹ್ನ. ಶಿರಸಿಯಲ್ಲಿ ಬಿಡದೆ ಸುರಿಯುವ ಮಳೆ. ಜಗಲಿಯಲ್ಲಿ ಕೊಡೆ ಮಡಿಸಿಟ್ಟು ಒಳಗೆ ಬಂದ ಅಡಿಕೆ ಬೆಳೆಗಾರರೊಬ್ಬರು ಪ್ಲಾಸ್ಟಿಕ್ ಚೀಲದಿಂದ ಒಂದು ಹಳೆಯ ಡೈರಿ ತೆಗೆದು ನನ್ನ ಮೇಜಿನ ಮೇಲಿಟ್ಟರು. 2022ರ ಡೈರಿ. ಏಪ್ರಿಲ್ ತಿಂಗಳ ಪುಟವೊಂದರಲ್ಲಿ ನೀಲಿ ಶಾಯಿಯಲ್ಲಿ 'ಭಾವನಿಗೆ 3,00,000' ಎಂದು ಬರೆದಿತ್ತು. ಕೆಳಗೆ ಬೇರೆ ಬೇರೆ ಪೆನ್ನಿನಲ್ಲಿ ಎರಡು ಸಲ 'ಬಂದಿದ್ದು 25,000'. ಮೂರೂ ಸಾಲುಗಳ ಅಕ್ಷರ ಅವರದ್ದೇ. ಭಾವನ ಸಹಿ ಎಲ್ಲೂ ಇರಲಿಲ್ಲ.

ತಂಗಿಯ ಮಗಳ ಮದುವೆಗೆಂದು ಕೊಟ್ಟ ಹಣ. ಬ್ಯಾಂಕಿನಿಂದ ತೆಗೆದು ನಗದಾಗಿಯೇ ಕೊಟ್ಟಿದ್ದರು. "ನಮ್ಮ ನಮ್ಮಲ್ಲಿ ಕಾಗದ ಎಂತಕ್ಕೆ ಭಾವಾ" ಎಂದಿದ್ದು ಸಾಲ ಪಡೆದವರಲ್ಲ, ಕೊಟ್ಟ ಇವರೇ. ಆಮೇಲೆ ಕೇಳುವುದಕ್ಕೂ ಬಾಯಿ ಬರಲಿಲ್ಲ. "ತಂಗಿ ಎದುರಿಗೆ ಕೂತು ಚಹಾ ಕುಡೀತಾ ದುಡ್ಡಿನ ವಿಷಯ ಹೇಗೆ ತೆಗೀಲಿ ವಕೀಲರೇ?" ಎಂದರು. ನಾನು ಡೈರಿಯ ತಾರೀಖು ನೋಡಿದೆ, ಗೋಡೆಯ ಕ್ಯಾಲೆಂಡರ್ ನೋಡಿದೆ. ಮೂರು ವರ್ಷದ ಮೇಲೆ ನಾಲ್ಕು ತಿಂಗಳಾಗಿತ್ತು.

ನನ್ನ ಕಚೇರಿಗೆ ಬರುವ ಕೈಗಡದ ತಕರಾರುಗಳಲ್ಲಿ ಮೋಸ ಮಾಡಬೇಕೆಂದೇ ಸಾಲ ಪಡೆದವರು ಕಡಿಮೆ. ಹೆಚ್ಚಿನವು ಹೀಗೆ, ಎರಡೂ ಕಡೆಯ ದಾಕ್ಷಿಣ್ಯದಲ್ಲಿ ಕೊಳೆತು ಹೋದ ವ್ಯವಹಾರಗಳು. ಕೊಟ್ಟವರು ಕೇಳುವುದಿಲ್ಲ, ಪಡೆದವರು ಎದುರಿಗೆ ಬರುವುದನ್ನು ಬಿಡುತ್ತಾರೆ. ಅಷ್ಟರಲ್ಲಿ ಕಾನೂನಿನ ಅವಧಿ ಮುಗಿಯುತ್ತದೆ.

ಆ ಅವಧಿಯ ಲೆಕ್ಕವನ್ನು ಮೊದಲು ಬಿಡಿಸಿ ಹೇಳುತ್ತೇನೆ, ಏಕೆಂದರೆ ಓದು ಬರಹ ಬಲ್ಲವರೂ ಎಡವುವುದು ಇಲ್ಲೇ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೈಸಾಲದ ವಸೂಲಿಗೆ ದಾವೆ ಹೂಡಲು ಇರುವುದು 3 ವರ್ಷ. ವಾಯಿದೆ ಗೊತ್ತುಮಾಡದ, 'ಕೇಳಿದಾಗ ಕೊಡು' ಎಂಬ ಸಾಲಕ್ಕೆ ಈ ಮೂರು ವರ್ಷ ಶುರುವಾಗುವುದು ನೀವು ಕೇಳಿದ ದಿನದಿಂದಲ್ಲ, ಹಣ ಕೊಟ್ಟ ದಿನದಿಂದ. 'ನಾನಿನ್ನೂ ಕೇಳಿಯೇ ಇಲ್ಲವಲ್ಲ, ಅವಧಿ ಹೇಗೆ ಮುಗಿಯಿತು' ಎಂದು ಎಷ್ಟೋ ಜನ ನನ್ನ ಮೇಲೆಯೇ ಸಿಟ್ಟಾಗಿದ್ದಾರೆ. ಇಂತಿಷ್ಟನೇ ತಾರೀಖಿಗೆ ಕೊಡುತ್ತೇನೆ ಎಂದು ಬರವಣಿಗೆಯಲ್ಲಿ ವಾಯಿದೆ ಇದ್ದರೆ ಮಾತ್ರ ಆ ವಾಯಿದೆ ತಪ್ಪಿದ ದಿನದಿಂದ ಲೆಕ್ಕ.

ಓಡುವ ಈ ಅವಧಿಯನ್ನು ಹೊಸದಾಗಿ ಶುರುಮಾಡಿಸಲು ಕಾಯ್ದೆಯಲ್ಲೇ ದಾರಿ ಇದೆ. ಮೂರು ವರ್ಷ ಮುಗಿಯುವುದರೊಳಗೆ ಸಾಲಗಾರ 'ನಿಮಗೆ ಇಷ್ಟು ಬಾಕಿ ಇದೆ' ಎಂದು ಬರೆದು ಸಹಿ ಹಾಕಿದರೆ, ಆ ಸಹಿಯ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ. 2023ರ ಮಾರ್ಚ್ 10ಕ್ಕೆ ಕೊಟ್ಟ ಹಣಕ್ಕೆ 2026ರ ಮಾರ್ಚ್ 10 ಕೊನೆ. ಅದಕ್ಕೆ ಮೊದಲು, 2026ರ ಜನವರಿ 5ರಂದು ಒಂದು ಸಹಿ ಸಿಕ್ಕಿದ್ದರೆ 2029ರ ಜನವರಿ 5ರ ತನಕ ನೀವು ನಿಶ್ಚಿಂತೆ. ಸ್ವಲ್ಪ ಸ್ವಲ್ಪ ಹಣ ವಾಪಸ್ ಬಂದರೂ ಇದೇ ಪ್ರಯೋಜನವಿದೆ, ಆದರೆ ಹಾಗೆ ವಾಪಸ್ ಕೊಟ್ಟಿದ್ದಕ್ಕೆ ಸಾಲಗಾರನ ಕೈಬರಹವೋ ಸಹಿಯೋ ಇರಬೇಕು. ನನ್ನ ಕಕ್ಷಿದಾರರ ಡೈರಿಯಲ್ಲಿದ್ದ ಎರಡು 'ಬಂದಿದ್ದು 25,000' ಅವರ ಕೈ ಹಿಡಿಯದೇ ಹೋಗಿದ್ದು ಇದಕ್ಕೇ. ಭಾವ ಆ ಹಣವನ್ನು ಚೆಕ್ ಮೂಲಕ ಕೊಟ್ಟಿದ್ದರೆ ಅದರ ಮೇಲೆ ಅವರ ಸಹಿ ಇರುತ್ತಿತ್ತು.

ಆದ್ದರಿಂದ ನಾನು ಎಲ್ಲರಿಗೂ ಹೇಳುವ ಮಾತೊಂದಿದೆ. ಹಣ ಕೇಳಲು ದಾಕ್ಷಿಣ್ಯವಾದರೆ ಸಹಿ ಕೇಳಿ. "ದುಡ್ಡು ನಿನ್ನ ಕೈಲಾದಾಗ ಕೊಡು ಮಾರಾಯ, ಈಗ ಇಷ್ಟು ಬಾಕಿ ಇದೆ ಅಂತ ಒಂದು ಚೀಟಿ ಬರೆದು ಕೊಡು" ಎಂದರೆ ಬಹುಪಾಲು ಜನ ಬರೆದು ಕೊಡುತ್ತಾರೆ. ಕೊಡಲಾಗದ ಸಂಕಟದಲ್ಲಿರುವವನಿಗೆ ಅದೊಂದು ಸಮಾಧಾನವೂ ಹೌದು, ಸಾಲ ಒಪ್ಪಿಕೊಂಡ ಗೌರವ ಉಳಿಯುತ್ತದೆ. ಆ ಚೀಟಿಗೂ ಹಿಂದೆ ಮುಂದೆ ನೋಡುವವನಿದ್ದರೆ, ನೀವು ಎಚ್ಚರಗೊಳ್ಳಬೇಕಾದ್ದು ಆ ದಿನವೇ. ವಾಟ್ಸ್ಆ್ಯಪ್‌ನಲ್ಲಿ 'ಕೊಡ್ತೆ, ಸ್ವಲ್ಪ ತಡಿ' ಎಂದು ಬಂದ ಸಂದೇಶಗಳನ್ನು ಅಳಿಸಬೇಡಿ. ಸರಿಯಾದ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಿದರೆ ಅವೂ ಸಾಕ್ಷ್ಯವಾಗುತ್ತವೆ. ಆದರೆ ಅದನ್ನೇ ನಂಬಿ ಕೂರುವುದಕ್ಕಿಂತ ಕಾಗದದ ಮೇಲಿನ ಸಹಿ ಲೇಸು.

ಕೊಡುವ ದಿನವೇ ಪ್ರಾಮಿಸರಿ ನೋಟು ಬರೆಸಿಕೊಳ್ಳುವವರ ವಿಷಯಕ್ಕೆ ಬರೋಣ. ನಮ್ಮಲ್ಲಿ ಪ್ರೋನೋಟು ಎಂದೇ ರೂಢಿ. ಚಿಕ್ಕ ಕಾಗದ, ಆದರೆ ಅದರಲ್ಲಾಗುವ ತಪ್ಪುಗಳು ದುಬಾರಿ. ಒಂದು ನೋಟು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಸರಿಯಾಗಿತ್ತು, ತಾರೀಖಿತ್ತು, ಸಹಿಯೂ ಇತ್ತು. ರೆವಿನ್ಯೂ ಸ್ಟ್ಯಾಂಪು ಮಾತ್ರ ಬಲಮೂಲೆಯಲ್ಲಿ ಅಚ್ಚುಕಟ್ಟಾಗಿ ಹಾಗೇ ಇತ್ತು, ಸಹಿ ಅದರಿಂದ ಒಂದಂಗುಲ ಕೆಳಗೆ. ಸ್ಟ್ಯಾಂಪಿನ ಮೇಲೆ ಹಾಯುವಂತೆ ಸಹಿ ಮಾಡಿ ಅಥವಾ ಗೀಟು ಎಳೆದು ಅದನ್ನು ರದ್ದುಪಡಿಸದಿದ್ದರೆ, ಕಾನೂನಿನ ದೃಷ್ಟಿಯಲ್ಲಿ ಆ ಕಾಗದಕ್ಕೆ ಸ್ಟ್ಯಾಂಪೇ ಇಲ್ಲ. ಬೇರೆ ಎಷ್ಟೋ ದಸ್ತಾವೇಜುಗಳಿಗೆ ಕಡಿಮೆ ಬಿದ್ದ ಶುಲ್ಕವನ್ನು ದಂಡ ಸಹಿತ ಕಟ್ಟಿ ಸರಿಪಡಿಸಬಹುದು. ಪ್ರಾಮಿಸರಿ ನೋಟಿಗೆ ಆ ಅವಕಾಶವೂ ಇಲ್ಲ, ಅದು ಸಾಕ್ಷ್ಯವಾಗಿ ನಿಲ್ಲುವುದೇ ಇಲ್ಲ.

ಇನ್ನೊಂದು ತಪ್ಪು ನಮ್ಮ ಸೀಮೆಗೇ ವಿಶೇಷವಾದದ್ದು. 'ಈ ವರ್ಷದ ಅಡಿಕೆ ಮಾರಾಟವಾದ ಮೇಲೆ ಕೊಡುತ್ತೇನೆ' ಎಂದು ನೋಟಿನಲ್ಲಿ ಬರೆಯುತ್ತಾರೆ. ಕೊಳೆರೋಗ ಬಂದು ಫಸಲೇ ಕೈಗೆ ಸಿಗದಿದ್ದರೆ? ಹೀಗೆ ಆಗಬಹುದು, ಆಗದಿರಬಹುದು ಎಂಬ ಷರತ್ತು ಸೇರಿದ ಕೂಡಲೇ ಅದು ಪ್ರಾಮಿಸರಿ ನೋಟಿನ ಲಕ್ಷಣ ಕಳೆದುಕೊಳ್ಳುತ್ತದೆ. ನೋಟಿನಲ್ಲಿ 'ಕೇಳಿದಾಗ ಕೊಡುತ್ತೇನೆ' ಎಂದಷ್ಟೇ ಇರಲಿ. ಬಡ್ಡಿ ಇದ್ದರೆ ವರ್ಷಕ್ಕೆ ಶೇಕಡಾ ಎಷ್ಟು ಎಂದು ಬರೆಯಿರಿ, ಬೇಡವೆಂದಾದರೆ 'ಬಡ್ಡಿ ಇಲ್ಲ' ಎಂದೂ ಬರೆಯಿರಿ. ಕಂತು ಕಂತಾಗಿ ವಾಪಸಾಗುವ ವ್ಯವಹಾರವಾದರೆ ಬೇರೆ ಕರಾರು ಪತ್ರ ಮಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಬೇಕಾಗುವ ಮುದ್ರಾಂಕ ಶುಲ್ಕವನ್ನು ಬರೆಯುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಕಂತಿನ ತಾರೀಖು ಹಾಕುವಾಗ ಎದುರಿನವನ ಕೈಗೆ ಹಣ ಬರುವ ಕಾಲ ನೋಡಿ. ಘಟ್ಟದ ಮೇಲಿನ ತೋಟಿಗನಿಗೆ ಮಳೆಗಾಲದ ವಾಯಿದೆ ಹಾಕಿದರೆ ಅದು ತಪ್ಪುವುದು ಖಚಿತ. ಕಾರವಾರ, ಅಂಕೋಲೆ ಕಡೆ ಬೋಟಿನ ದುಡಿಮೆಯವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳಲ್ಲಿ ಬಲೆ ರಿಪೇರಿ, ಬೋಟಿನ ಕೆಲಸ ಎಂದು ಹಣ ಹೋಗುವುದೇ ಹೊರತು ಬರುವುದಿಲ್ಲ. ಅವರಿಗೆ ಜುಲೈ ಕಂತು ಹಾಕಿ ಆಗಸ್ಟಿನಲ್ಲಿ ನೋಟೀಸು ಕೊಡಿಸುವುದು ನ್ಯಾಯವಲ್ಲ. ತಪ್ಪಲೇಬೇಕಾದ ವಾಯಿದೆ ಹಾಕಿ, ತಪ್ಪಿದ ಎಂದು ಮನಸ್ಸು ಮುರಿದುಕೊಂಡ ಅಣ್ಣತಮ್ಮಂದಿರನ್ನು ನೋಡಿದ್ದೇನೆ.

ಹಣ ಕೊಡುವುದು ಬ್ಯಾಂಕ್ ಮೂಲಕವೇ ಆಗಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿರ್ಬಂಧಿಸುತ್ತದೆ. ಹಳೆಯ ಬಾಕಿಯೂ ಆ ಲೆಕ್ಕಕ್ಕೆ ಸೇರುತ್ತದೆ. ಕೊಡುವವರು, ಪಡೆಯುವವರು ಇಬ್ಬರಿಗೂ ಕೃಷಿ ಆದಾಯ ಮಾತ್ರವಿದ್ದು ತೆರಿಗೆ ಬೀಳುವ ಆದಾಯ ಇಲ್ಲದಿದ್ದರೆ ಇದರಿಂದ ವಿನಾಯಿತಿ. ಯುಪಿಐನಲ್ಲಿ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ 'ಕೈಸಾಲ' ಎಂದು ಬರೆಯಿರಿ, ನಾಳೆ ಅದನ್ನು ಉಡುಗೊರೆ ಎನ್ನಲು ಆಸ್ಪದವಿರುವುದಿಲ್ಲ. ಕರ್ನಾಟಕದ್ದೇ ಒಂದು ಚೆಕ್ ಪ್ರಕರಣದಲ್ಲಿ 6 ಲಕ್ಷ ಕೊಟ್ಟೆನೆಂದ ವ್ಯಕ್ತಿಗೆ ಅಷ್ಟು ಹಣ ಕೊಡುವ ಶಕ್ತಿ ತನಗಿತ್ತೆಂದು ತೋರಿಸಲಾಗಲಿಲ್ಲ. ಚೆಕ್ಕಿನ ಮೇಲೆ ಸಹಿ ಇದ್ದರೂ 2019ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು. ಪಾಸ್‌ಬುಕ್ಕಿನ ಒಂದು ಸಾಲು ಇಂಥ ಕಡೆ ಕೆಲಸಕ್ಕೆ ಬರುತ್ತದೆ.

ಚೆಕ್ಕಿನ ಮಾತು ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಚೆಕ್ಕಿನ ಮೇಲಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಹಣವಿಲ್ಲದೆ ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟೀಸು, ಅದು ತಲುಪಿದ ಮೇಲೆ ಚೆಕ್ ಬರೆದವನಿಗೆ 15 ದಿನ, ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು. ಇದು ಕ್ರಿಮಿನಲ್ ಪ್ರಕರಣ, ಎರಡು ವರ್ಷದವರೆಗೆ ಜೈಲಾಗಬಹುದು, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡವಾಗಬಹುದು. ಸಂಬಂಧಿಕರ ನಡುವೆ ಇದನ್ನು ಮೊದಲ ಹೆಜ್ಜೆಯಾಗಿ ನಾನು ಸೂಚಿಸುವುದಿಲ್ಲ. ಒಮ್ಮೆ ಆರೋಪಿಯ ಕಟಕಟೆಯಲ್ಲಿ ನಿಂತ ಭಾವ ಮತ್ತೆ ನಿಮ್ಮ ಮನೆಯ ಹಬ್ಬಕ್ಕೆ ಬರುವುದು ಕಷ್ಟ. ಪೊಲೀಸ್ ಠಾಣೆಗಂತೂ ಹೋಗಬೇಡಿ, ಕೈಸಾಲ ವಸೂಲಿ ಮಾಡಿಕೊಡುವುದು ಅವರ ಕೆಲಸವಲ್ಲ.

ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ, ದಾವೆ ಹೂಡುವ ಮೊದಲೇ ವಿಷಯವನ್ನು ಲೋಕ ಅದಾಲತ್ತಿಗೆ ತರಬಹುದು. ಅಲ್ಲಾದ ರಾಜಿಗೆ ಡಿಕ್ರಿಯ, ಅಂದರೆ ನ್ಯಾಯಾಲಯದ ತೀರ್ಪಿನ ಬಲವಿದೆ, ಮೇಲ್ಮನವಿ ಇಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ.

ನಮ್ಮ ಜಿಲ್ಲೆಯಲ್ಲಿ ಹೆಂಗಸರು ಕೊಡುವ ಸಾಲ ಹೆಚ್ಚಾಗಿ ಹಣದ ರೂಪದಲ್ಲಿರುವುದಿಲ್ಲ, ಬಂಗಾರದ ರೂಪದಲ್ಲಿರುತ್ತದೆ. ತಮ್ಮನಿಗೆ ಅಂಗಡಿ ಹಾಕಲು, ಮೈದುನನಿಗೆ ಬೋಟಿನ ಇಂಜಿನ್ ಮಾಡಿಸಲು ಅಕ್ಕನೋ ಅತ್ತಿಗೆಯೋ ಎರಡೆಳೆ ಸರ, ನಾಲ್ಕು ಬಳೆ ಬಿಚ್ಚಿ ಕೊಡುತ್ತಾಳೆ. ಅವನು ತನ್ನ ಹೆಸರಿನಲ್ಲಿ ಅಡ ಇಡುತ್ತಾನೆ. ಬಡ್ಡಿ ಬೆಳೆದು ಹರಾಜಿಗೆ ಬಂದರೆ ನೋಟೀಸು ಹೋಗುವುದೂ ಅವನ ಹೆಸರಿಗೇ. ಅಷ್ಟಾಗುವಾಗ ಅವಳಿಗೆ ಸುದ್ದಿಯೇ ಇರುವುದಿಲ್ಲ. ಕುಮಟಾ ಕಡೆಯ ತಾಯಿಯೊಬ್ಬರು ಮದುವೆಯ ಗುಂಪು ಫೋಟೋ ತಂದು, ತಮ್ಮ ಕೊರಳಿನ ಮೇಲೆ ಬೆರಳಿಟ್ಟು "ಇದೇ ಸರ" ಎಂದರು. ತೂಕ ಎಷ್ಟು ಎಂದೆ, ಗೊತ್ತಿರಲಿಲ್ಲ. ಆ ಹೊತ್ತು ನನ್ನ ಬಳಿ ಮಾತಿರಲಿಲ್ಲ. ದಯವಿಟ್ಟು ಕೇಳಿ ಅಮ್ಮಾ, ಕೊಡಲೇಬೇಕೆಂದಿದ್ದರೆ ನಿಮ್ಮ ಹೆಸರಿನಲ್ಲೇ ಅಡ ಇಡಿ, ಬಂದ ಹಣವನ್ನು ನಿಮ್ಮ ಖಾತೆಯಿಂದ ಅವನಿಗೆ ಕಳಿಸಿ. ರಸೀದಿ ನಿಮ್ಮ ಕಪಾಟಿನಲ್ಲಿರಲಿ. ಒಡವೆಯೇ ಕೊಡುವುದಾದರೆ ಒಂದೊಂದರ ತೂಕ ಗ್ರಾಂನಲ್ಲಿ ಬರೆದು ಅವನ ಸಹಿ ಹಾಕಿಸಿಕೊಳ್ಳಿ.

ಸೊಸೈಟಿಯಲ್ಲಿ ಗೆಳೆಯನ ಸಾಲಕ್ಕೆ ಜಾಮೀನು ಬೀಳುವುದೂ ಸಾಲ ಕೊಟ್ಟಂತೆಯೇ. 'ಬರೀ ಸಹಿ ತಾನೇ' ಎನ್ನುತ್ತಾರೆ. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಅವನನ್ನೇ ಕೇಳಿ ಎನ್ನುವ ಹಕ್ಕು ನಿಮಗಿಲ್ಲ. ನೀವು ಕಟ್ಟಬೇಕಾಗಿ ಬಂದರೆ ಆ ಹಣವನ್ನು ಅವನಿಂದ ವಸೂಲು ಮಾಡಲು ಮತ್ತೆ ಮೂರು ವರ್ಷ, ಕಟ್ಟಿದ ದಿನದಿಂದ.

ಡೈರಿ ತಂದವರ ಕತೆ ಬಾಕಿ ಇದೆ. ಅವರ ದಾವೆಯ ದಾರಿ ಮುಚ್ಚಿತ್ತು, ಆದರೆ 1872ರ ಕರಾರು ಕಾಯ್ದೆಯಲ್ಲಿ ಒಂದು ಕಿಂಡಿ ಇದೆ. ಅವಧಿ ಮೀರಿದ ಸಾಲವನ್ನೂ ಕೊಡುತ್ತೇನೆಂದು ಸಾಲಗಾರ ಹೊಸದಾಗಿ ಬರೆದು ಸಹಿ ಹಾಕಿದರೆ ಅದು ಊರ್ಜಿತ. ಬರೆದೇ ಕೊಡಬೇಕೆಂದು ಬಲವಂತ ಮಾಡುವಂತಿಲ್ಲ, ಅವನೇ ಒಪ್ಪಬೇಕು. ನೋಟೀಸು ಬೇಡ, ನೀವೇ ಹೋಗಿ ಎಂದೆ. ತಲೆಬರಹವಿಲ್ಲದ ಬಿಳಿ ಹಾಳೆಯಲ್ಲಿ ಐದು ಸಾಲು ಬರೆದುಕೊಟ್ಟೆ. 2,50,000 ಬಾಕಿ, ಬಡ್ಡಿ ಇಲ್ಲ, ಅಡಿಕೆ ಕೊಯ್ಲಿನ ನಂತರ ಪ್ರತಿ ಮಾರ್ಚ್ 31ಕ್ಕೆ 50,000, ಐದು ವರ್ಷ.

ಹದಿನೈದು ದಿನ ಬಿಟ್ಟು ಬಂದರು. ಹಾಳೆ ನಾಲ್ಕು ಮಡಿಕೆಯಾಗಿತ್ತು, ಕೆಳಗೆ ಭಾವನ ಸಹಿ, ತಾರೀಖು. ಕಂತಿನ ಸಾಲಿನಲ್ಲಿ 50,000 ಹೊಡೆದು ಹಾಕಿ ಭಾವನೇ ತನ್ನ ಕೈಯಿಂದ 60,000 ಎಂದು ಬರೆದು, ಪಕ್ಕದಲ್ಲಿ ಮತ್ತೊಂದು ಸಹಿ ಹಾಕಿದ್ದರು. "ಎಂತ ಹೇಳಿದರು?" ಎಂದು ಕೇಳಿದೆ.

"ಮೊದಲು ಸುಮಾರು ಹೊತ್ತು ಮಾತೇ ಆಡಲಿಲ್ಲ. ಆಮೇಲೆ, 'ನೀ ಎಂತಕ್ಕೆ ಇಷ್ಟು ದಿನ ಕೇಳಲಿಲ್ಲ, ನೀ ಕೇಳದೇ ಇದ್ದಿದ್ದಕ್ಕೇ ನಾ ನಿಮ್ಮನೆ ಕಡೆ ಬರೋದು ಬಿಟ್ಟಿದ್ದೆ' ಅಂದ. ಊಟ ಮಾಡಿಸಿಯೇ ಕಳಿಸಿದ್ರು."

ಆ ಹಾಳೆಗೆ ಎರಡು ನಕಲು ತೆಗೆಸಿ, ಮೂಲವನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು 2022ರ ಡೈರಿಯ ಏಪ್ರಿಲ್ ಪುಟದಲ್ಲಿಟ್ಟು, ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟರು.