ಜೆಫರ್ಸನ್ ಪತ್ರಗಳನ್ನು ಉಳಿಸಿದ ಹಸಿ ಶಾಯಿ

ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ ಬರೆದ ಪತ್ರಗಳು ಸುಮಾರು 19,000. ಬರೆದ ಪತ್ರ ಬರೆದವನ ಹತ್ತಿರ ಉಳಿಯೋದಿಲ್ಲ, ಅಲ್ವಾ? ಆದರೂ ಪ್ಯಾರಿಸ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದಾಗ ಆತ ಕಳಿಸಿದ ಎಷ್ಟೋ ಪತ್ರಗಳು ಅವನ ಕಡತದಲ್ಲೇ ಇವೆ. ಗುಮಾಸ್ತರು ಕೂತು ನಕಲು ಮಾಡಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಹೆಚ್ಚಿನದನ್ನು ಮಾಡಿದ್ದು ಒಂದು ಪ್ರೆಸ್ಸು.

ಅದು ಜೇಮ್ಸ್ ವಾಟ್ 1780ರಲ್ಲಿ ಪೇಟೆಂಟ್ ಪಡೆದ ಯಂತ್ರ. ಹೌದು, ಉಗಿ ಎಂಜಿನ್ನಿನ ವಾಟ್! ವ್ಯವಹಾರದ ಪತ್ರಗಳನ್ನು ನಕಲು ಮಾಡಿ ಮಾಡಿ ಅವನಿಗೂ ಸಾಕಾಗಿತ್ತು. ಪತ್ರದ ಮೇಲೆ ಒದ್ದೆ ಮಾಡಿದ ತೆಳು ಕಾಗದ ಇಟ್ಟು ಒತ್ತಿದರೆ ಸ್ವಲ್ಪ ಶಾಯಿ ಅದಕ್ಕೆ ಹತ್ತುತ್ತದೆ. ಅಕ್ಷರ ತಿರುವುಮುರುವಾಗಿ ಮೂಡುತ್ತದೆ. ಕಾಗದ ಅಷ್ಟು ತೆಳುವಾದ್ದರಿಂದ ಹಿಂದಿನಿಂದ ನೋಡಿದರೆ ಎಲ್ಲ ಸರಿ.

ಒಣಗಿದ ಶಾಯಿ ಹೇಗೆ ಹತ್ತುತ್ತದೆ? ನನಗೆ ಇಷ್ಟವಾದ ಭಾಗ ಇದೇ. ಆಗಿನ ಶಾಯಿಯ ಸಾಮಾನು ನಮ್ಮ ಗ್ರಂಧಿಗೆ ಅಂಗಡಿಯಲ್ಲೇ ಸಿಗುತ್ತದೆ: ಮಾಚಿಕಾಯಿ ಮತ್ತು ಅನ್ನಭೇದಿ. ಮಾಚಿಕಾಯಿಯಲ್ಲಿ ಒಗರಿನ ಟ್ಯಾನಿನ್, ಅನ್ನಭೇದಿಯಲ್ಲಿ ಕಬ್ಬಿಣ. ಎರಡೂ ಸೇರಿದಾಗ ಮೊದಲು ಹುಟ್ಟುವುದು ನೀರಲ್ಲಿ ಕರಗುವ, ಬಣ್ಣ ಕಡಿಮೆಯಿರುವ ವಸ್ತು. ಗಾಳಿಯ ಆಮ್ಲಜನಕ ತಾಗುತ್ತಾ ಹೋದಂತೆ ಅದು ಕಪ್ಪಾಗುತ್ತದೆ, ಆಮೇಲೆ ಕರಗುವುದಿಲ್ಲ. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆ ಕಪ್ಪಾಗುತ್ತದಲ್ಲ, ಅಲ್ಲೂ ಟ್ಯಾನಿನ್, ಕಬ್ಬಿಣ, ಗಾಳಿ ಇದೇ ಕೆಲಸ ಮಾಡಿರುತ್ತವೆ. ಹಾಗಾಗಿ ಬರೆದ ಸ್ವಲ್ಪ ಹೊತ್ತಿಗೇ ಒತ್ತಬೇಕು. ತಡಮಾಡಿದರೆ ನಕಲು ಮಸುಕು. ಸುಮ್ನೆ ಜೋರಾಗಿ ಒತ್ತಿದರೆ ಏನೂ ಬರೋದಿಲ್ಲ.

1786ರ ಸೆಪ್ಟೆಂಬರ್‌ನಲ್ಲಿ ಜೆಫರ್ಸನ್‌ನ ಬಲಗೈ ಮಣಿಕಟ್ಟಿಗೆ ಪೆಟ್ಟಾಯಿತು. ಮುಂದಿನ ತಿಂಗಳು ಚಿತ್ರಕಲಾವಿದೆ ಮರಿಯಾ ಕಾಸ್ವೇಗೆ ಎಡಗೈಯಲ್ಲೇ ಉದ್ದನೆಯ ಪತ್ರ ಬರೆದ. ತಲೆಗೂ ಹೃದಯಕ್ಕೂ ನಡೆಯುವ ವಾದ ಅದು. ಕೈನೋವಿನಲ್ಲಿ ಇಷ್ಟು ಉದ್ದದ ಪತ್ರಕ್ಕೆ ಇನ್ನೊಂದು ಪ್ರತಿ ಯಾರು ಬರೆದಾರು! ಅದನ್ನೂ ಪ್ರೆಸ್ಸಿಗೆ ಕೊಟ್ಟ.

1804ರಿಂದ ಪ್ರೆಸ್ಸಿನ ಜಾಗಕ್ಕೆ ಪಾಲಿಗ್ರಾಫ್ ಬಂತು. ಒಂದು ಪೆನ್ನು ಆಡಿದಂತೆ ಕಡ್ಡಿಗಳಿಂದ ಜೋಡಿಸಿದ ಇನ್ನೊಂದು ಪೆನ್ನೂ ಆಡುತ್ತದೆ. ಒದ್ದೆ ಕಾಗದ ಬೇಡ, ಅವಸರ ಬೇಡ, ಎರಡೂ ಪ್ರತಿ ಅಚ್ಚುಕಟ್ಟು. ಇದನ್ನು ಜೆಫರ್ಸನ್ನೇ ಕಂಡುಹಿಡಿದ ಅಂತ ಈಗಲೂ ಹೇಳುವವರಿದ್ದಾರೆ. ತಪ್ಪು. ಕಂಡುಹಿಡಿದವನು ಜಾನ್ ಐಸಾಕ್ ಹಾಕಿನ್ಸ್, ಅಮೆರಿಕದಲ್ಲಿ ಮಾಡಿಕೊಟ್ಟವನು ಚಾರ್ಲ್ಸ್ ವಿಲ್ಸನ್ ಪೀಲ್. ಜೆಫರ್ಸನ್ ಮಾಡಿದ್ದು, ಅಲ್ಲಿ ಸರಿಯಿಲ್ಲ, ಇಲ್ಲಿ ತಿದ್ದು ಅಂತ ಪೀಲ್‌ಗೆ ಪತ್ರದ ಮೇಲೆ ಪತ್ರ ಬರೆದದ್ದು.